ವೆಂಟ್‌ಗಿಂತ ಮೊದಲು ಗೋಡ್

ಜೂನ್ ಬಂತೆಂದರೆ ಸರ್ಕಾರಿ ಪ್ರೌಢಶಾಲೆಯಲ್ಲಿ ಸೇತುಬಂಧ. ಸುತ್ತಲಿನ ಹಳ್ಳಿಗಳಿಂದ ಏಳನೇ ತರಗತಿ ಮುಗಿಸಿ ಎಂಟಕ್ಕೆ ಬಂದ ಮಕ್ಕಳಿಗೆ ಮೊದಲು ಒಂದು ನೈದಾನಿಕ ಪರೀಕ್ಷೆ, ಆಮೇಲೆ ಕೆಲವು ದಿನ ಹಳೆಯ ಪಾಠಗಳ ತಿದ್ದುಪಡಿ, ಕೊನೆಗೆ ಸಾಫಲ್ಯ ಪರೀಕ್ಷೆ. ಎರಡೂ ಪರೀಕ್ಷೆಗಳ ಅಂಕಗಳನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಫೈಲಿಗೆ ಸೇರಿಸಬೇಕು. ಅರಸೀಕೆರೆ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸಿದಷ್ಟು ವರ್ಷವೂ ಎರಡನೇ ಕಾಲಂ ಮೊದಲನೆಯದಕ್ಕಿಂತ ಪುಷ್ಟವಾಗಿಯೇ ಇರುತ್ತಿತ್ತು. ನೈದಾನಿಕದಲ್ಲಿ 4 ತೆಗೆದವನು ಸಾಫಲ್ಯದಲ್ಲಿ 14. ‘ಇಷ್ಟು ಬೇಗ ಇಂಗ್ಲಿಷ್ ಬರೋದಾದ್ರೆ ಉಳಿದ ತಿಂಗಳು ನಿಮಗೇನು ಕೆಲಸ ಮೇಡಂ?’ ಎಂದು ಗಣಿತದ ಮೇಷ್ಟ್ರು ನಗುತ್ತಿದ್ದರು. ಅವರ ಕಾಲಂಗಳೂ ಹಾಗೇ ಇದ್ದವು ಅನ್ನಿ.

ಆ ಅಂಕಗಳು ಸುಳ್ಳೇನೂ ಆಗಿರಲಿಲ್ಲ. ಅದೇ ಹತ್ತಿಪ್ಪತ್ತು ಪದ, ಅದೇ ನಾಲ್ಕು ವಾಕ್ಯ ತಿದ್ದಿಸಿ ತಿದ್ದಿಸಿ ಮತ್ತೆ ಅದನ್ನೇ ಕೇಳಿದರೆ ಮಕ್ಕಳು ಬರೆದೇ ಬರೆಯುತ್ತಾರೆ. ಆಗಸ್ಟ್ ಹೊತ್ತಿಗೆ ಅರ್ಧ ಮರೆತಿರುತ್ತಾರೆ. ಆ ಮರೆವಿಗೆ ಫೈಲಿನಲ್ಲಿ ಕಾಲಂ ಇಲ್ಲ. ನನ್ನ ತಲೆ ಕೊರೆಯುತ್ತಿದ್ದುದು ಬೇರೆ ಸಂಗತಿ. ಭಾಗಾಕಾರ ಬರದ ಮಗುವಿಗೆ ಭಾಗಾಕಾರ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಕದಂಬರ ರಾಜಧಾನಿ ಯಾವುದು ಎಂದು ಕೇಳಿದರೆ ಬನವಾಸಿ ಎಂದು ಹೇಳುತ್ತದೆ, ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಮಗು ನಿಜವಾಗಿ ಮುಂದೆ ಹೋಗಿದ್ದೇ ಕಾಗದದ ಮೇಲೆ ಹಿಂದೆ ಬಿದ್ದಂತೆ ಕಾಣುವ ತಿಂಗಳುಗಳಿರುತ್ತವೆ. ಆ ತಿಂಗಳುಗಳಲ್ಲಿ ಪರೀಕ್ಷೆ ಬಂದರೆ ಅಂಕ ನೇರವಾಗಿ ಸುಳ್ಳು ಹೇಳುತ್ತದೆ.

ಒಬ್ಬ ಹುಡುಗನ ನೋಟ್‌ಬುಕ್ಕಿನಿಂದಲೇ ಹೇಳುತ್ತೇನೆ. ತೆಂಗಿನ ತೋಟದ ಮನೆಯವನು, ಕಿಟಕಿ ಪಕ್ಕದ ಬೆಂಚು. ಜೂನ್‌ನಲ್ಲಿ ಹಸುವಿನ ಮೇಲೆ ಐದು ವಾಕ್ಯ ಬರೆ ಎಂದರೆ ಒಂದು ಚುಕ್ಕೆಯೂ ತಪ್ಪದೆ ಬರೆದುಕೊಟ್ಟ: ದಿ ಕೌ ಈಸ್ ಎ ಡೊಮೆಸ್ಟಿಕ್ ಆನಿಮಲ್, ಇಟ್ ಹ್ಯಾಸ್ ಫೋರ್ ಲೆಗ್ಸ್, ಇತ್ಯಾದಿ. ಪ್ರಾಥಮಿಕ ಶಾಲೆಯಲ್ಲಿ ಉರು ಹೊಡೆಸಿದ್ದು. ಐದಕ್ಕೆ ಐದು. ‘ನಿಮ್ಮನೇ ಹಸು ಬಗ್ಗೆ ಬರಿಯೋ’ ಎಂದಾಗ ಪೆನ್ನು ನಿಂತಿತು. ಆಗಸ್ಟ್‌ನಲ್ಲಿ ಬರೆದದ್ದು: ಮೈ ಹೌಸ್ ಒನ್ ಕೌ ಈಸ್ ದೇರ್. ನಮ್ಮನೇಲಿ ಒಂದು ಹಸು ಇದೆ ಎಂಬುದನ್ನು ಮನಸ್ಸಿನಲ್ಲಿ ಹೇಳಿಕೊಂಡು, ಒಂದೊಂದು ಪದಕ್ಕೂ ಒಂದು ಇಂಗ್ಲಿಷ್ ಪದ ಹುಡುಕಿ, ಅದೇ ಸಾಲಿನಲ್ಲಿ ಜೋಡಿಸಿದ್ದಾನೆ. ನವೆಂಬರ್‌ನಲ್ಲಿ: ಮೈ ಕೌ ಗೋಡ್ ಟು ಫೀಲ್ಡ್ ಅಂಡ್ ಈಟೆಡ್ ರಾಗಿ. ಕೆಂಪು ಪೆನ್ನಿನ ಲೆಕ್ಕದಲ್ಲಿ ಇದು ಐದರಿಂದ ಸೊನ್ನೆಗೆ ಇಳಿದ ಹುಡುಗನ ಕಥೆ.

ಆದರೆ ಆ ‘ಗೋಡ್’ ಎಲ್ಲಿಂದ ಬಂತು? ಅವನ ಗೈಡಿನಲ್ಲಿ ಅದು ಇಲ್ಲ. ನಾನು ಹೇಳಿಕೊಟ್ಟಿಲ್ಲ. ಟೀವಿಯಲ್ಲೂ ಯಾರೂ ಹಾಗೆ ಅನ್ನುವುದಿಲ್ಲ. ಪ್ಲೇಡ್, ಜಂಪ್ಡ್, ವಾಂಟೆಡ್ ಎಂದು ಕೇಳಿ ಓದಿ, ಆಗಿಹೋದದ್ದನ್ನು ಹೇಳುವಾಗ ಕೊನೆಗೆ ಏನೋ ಒಂದು ಸೇರುತ್ತದೆ ಎಂದು ಅವನೇ ಕಂಡುಕೊಂಡಿದ್ದಾನೆ. ಕಂಡುಕೊಂಡದ್ದನ್ನು ಹಸುವಿನ ಮೇಲೆ ಪ್ರಯೋಗಿಸಿದ್ದಾನೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಇದೇ ದಾರಿಯಲ್ಲಿ ಬರುತ್ತವೆ. ಮೊದಲು ಕೇಳಿದ್ದನ್ನೇ ಒಪ್ಪಿಸಿ ವೆಂಟ್ ಅನ್ನುತ್ತವೆ, ನಿಯಮ ಹೊಳೆದ ಮೇಲೆ ಗೋಡ್ ಅನ್ನತೊಡಗುತ್ತವೆ, ಕೆಲಕಾಲದ ನಂತರ ಮತ್ತೆ ವೆಂಟ್‌ಗೆ ಬಂದು ನೆಲೆಸುತ್ತವೆ. ಮೊದಲನೇ ವೆಂಟ್‌ಗೂ ಕೊನೆಯ ವೆಂಟ್‌ಗೂ ಅಂಕ ಒಂದೇ, ನಡುವಿನ ಗೋಡ್‌ಗೆ ಸೊನ್ನೆ. ಎಸ್. ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ 1967ರಲ್ಲೇ ಕಲಿಯುವವರ ತಪ್ಪುಗಳ ಮಹತ್ವದ ಮೇಲೆ ಒಂದು ಪ್ರಬಂಧ ಬರೆದು, ತಪ್ಪು ಎನ್ನುವುದು ಒಳಗೆ ನಡೆಯುತ್ತಿರುವ ಕಲಿಕೆಯ ಸಾಕ್ಷಿ ಎಂದು ವಾದಿಸಿದ್ದರು. ನಮ್ಮ ಸ್ಟಾಫ್‌ರೂಮಿನವರೆಗೆ ಆ ಸುದ್ದಿ ಬಂದಿರಲಿಲ್ಲ.

ನನಗೆ ಅದು ತಲುಪಿದ್ದು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಆರ್‌ಐಇಎಸ್‌ಐನಲ್ಲಿ, ಅಂದರೆ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ. 1963ರಲ್ಲಿ ಶುರುವಾದ ಸಂಸ್ಥೆ ಅದು. ಮಕ್ಕಳನ್ನು ಅತ್ತೆಯವರ ಹತ್ತಿರ ಬಿಟ್ಟು, ತರಬೇತಿಗೆಂದು ಹೋಗಿ ಹಾಸ್ಟೆಲ್ಲಿನಲ್ಲಿದ್ದೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಮೇಷ್ಟ್ರುಗಳು, ಮೇಡಮ್ಮುಗಳು. ಬೀದರಿನವರ ಇಂಗ್ಲಿಷ್ ಒಂದು ರಾಗ, ಪುತ್ತೂರಿನವರದು ಇನ್ನೊಂದು. ರಾತ್ರಿ ಊಟವಾದ ಮೇಲೆ ಮಾತೆಲ್ಲ ಕನ್ನಡದಲ್ಲೇ. ಇಂಗ್ಲಿಷ್ ಕಲಿಸುವವರು ಸಂಬಳ, ವರ್ಗಾವಣೆ, ಸೊಸೆ ವಿಷಯ ಇಂಗ್ಲಿಷಿನಲ್ಲಿ ಮಾತಾಡುವುದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಅಲ್ಲಿ ನಮಗೆ ‘ಬೆಂಗಳೂರು ಪ್ರಾಜೆಕ್ಟ್’ ಬಗ್ಗೆ ಹೇಳಿದರು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸಿನಂಥ ಊರುಗಳ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ. ವ್ಯಾಕರಣದ ಪಾಠ ಇಲ್ಲ, ವಾಕ್ಯರಚನೆಯ ಅಭ್ಯಾಸ ಇಲ್ಲ. ಮಕ್ಕಳ ಮುಂದೆ ಒಂದು ನಕ್ಷೆ, ಒಂದು ರೈಲ್ವೆ ವೇಳಾಪಟ್ಟಿ, ಒಂದು ಲೆಕ್ಕಾಚಾರದ ಸಮಸ್ಯೆ ಇಡುವುದು. ಮೊದಲು ಅಂಥದೇ ಒಂದನ್ನು ಇಡೀ ತರಗತಿ ಸೇರಿ ಬಿಡಿಸುವುದು, ಆಮೇಲೆ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುವುದು. ಇಂಗ್ಲಿಷ್ ಅದರೊಳಗೇ ಹಾದುಹೋಗಬೇಕು. ಮಕ್ಕಳು ಬರೆದುಕೊಟ್ಟಿದ್ದನ್ನು ಮೇಷ್ಟ್ರು ಅಂದೇ ನೋಡಿ, ನಾಳೆಯ ಪಾಠ ಯಾವ ಮಟ್ಟದಲ್ಲಿರಬೇಕು ಎಂದು ತೀರ್ಮಾನಿಸುತ್ತಿದ್ದರು. ಪ್ರಭು ಅದಕ್ಕೊಂದು ಅಳತೆ ಇಟ್ಟಿದ್ದರು: ತರಗತಿಯ ಅರ್ಧದಷ್ಟಾದರೂ ಮಕ್ಕಳು ಕೆಲಸದ ಅರ್ಧದಷ್ಟಾದರೂ ಸರಿ ಮಾಡಿದರೆ ಆ ಕೆಲಸದ ಮಟ್ಟ ಸರಿಯಾಗಿದೆ. ಎಲ್ಲರೂ ಎಲ್ಲವನ್ನೂ ಸರಿ ಮಾಡಿದರೆ ಅವತ್ತು ಹೊಸದೇನೂ ನಡೆದಿಲ್ಲ. ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟುವ ನಾಡಿನಲ್ಲಿ ಈ ಮಾತು ಎಷ್ಟು ವಿಚಿತ್ರವಾಗಿ ಕೇಳಿಸಿತೆಂದರೆ, ನನ್ನ ಪಕ್ಕದಲ್ಲಿದ್ದ ಗದಗಿನ ಮೇಷ್ಟ್ರು ‘ಹಂಗಾದ್ರ ನಮ್ಮ ಬಿಇಓ ಸಾಹೇಬ್ರಿಗೆ ಇವರs ಬಂದು ಹೇಳ್ಲಿ’ ಎಂದು ಗೊಣಗಿದರು.

ಆ ಪ್ರಯೋಗದ ಮಕ್ಕಳು ಕಲಿತರೋ ಇಲ್ಲವೋ ಎಂದು ಅಳೆದದ್ದು ಪ್ರಯೋಗಕ್ಕಿಂತ ಹೆಚ್ಚು ನನ್ನನ್ನು ಹಿಡಿಯಿತು. ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಎಂಬಿಬ್ಬರು ಹೊರಗಿನಿಂದ ಬಂದು ಪರೀಕ್ಷೆ ನಡೆಸಿದರು. ವರದಿ 1985ರಲ್ಲಿ ಪ್ರಕಟವಾಯಿತು. ಹಳೆಯ ರೀತಿಯಲ್ಲಿ ಕಲಿತ ಮಕ್ಕಳಿಗೆ ಒಗ್ಗುವ ವಾಕ್ಯರಚನೆಯ ಪರೀಕ್ಷೆ ಒಂದು, ಪ್ರಭು ಅವರ ಮಕ್ಕಳಿಗೆ ಒಗ್ಗುವ ಕಾರ್ಯ ಪರೀಕ್ಷೆ ಒಂದು, ಎರಡೂ ಕಡೆಗೆ ವಾಲದ ಮೂರು: ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ ಓದಿ ಗ್ರಹಿಸುವುದು. ಆಯಾ ಮಕ್ಕಳು ಆಯಾ ಪರೀಕ್ಷೆಯಲ್ಲಿ ಮುಂದಿದ್ದರು. ವಾಲದ ಪರೀಕ್ಷೆಗಳ ಫಲಿತಾಂಶ ಒಟ್ಟಿನಲ್ಲಿ ಪ್ರಭು ಅವರ ಕಡೆಗೆ ತುಸು ಒಲಿದಿತ್ತು. ಪ್ರಯೋಗ ಗೆದ್ದಿತೋ ಇಲ್ಲವೋ ಎಂದು ಪಂಡಿತರು ಆಮೇಲೂ ಜಗಳವಾಡಿದರು. ನನಗೆ ಬೇಕಾದದ್ದು ಅಷ್ಟರಲ್ಲೇ ಸಿಕ್ಕಿತ್ತು. ಒಂದೇ ಮಗುವಿಗೆ ಐದು ಬಗೆಯ ಪ್ರಶ್ನೆಪತ್ರಿಕೆ ಕೊಟ್ಟರೆ ಐದು ಬಗೆಯ ಮಗು ಕಾಣುತ್ತದೆ. ನಾವು ಎಸ್ಸೆಸ್ಸೆಲ್ಸಿಯ ಒಂದೇ ಬಗೆಯದನ್ನು ಎಂಟರಿಂದ ಹತ್ತರವರೆಗೆ ಕೊಟ್ಟು ಮಗುವನ್ನು ಬಲ್ಲೆವು ಅನ್ನುತ್ತಿದ್ದೆವು.

ಊರಿಗೆ ವಾಪಸು ಬಂದಾಗ ವೇಳಾಪಟ್ಟಿ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿರಲಿಲ್ಲ. ಅರಸೀಕೆರೆ ಜಂಕ್ಷನ್ ಅಲ್ಲವೆ? ಬೆಂಗಳೂರಿನ ಕಡೆ, ಹುಬ್ಬಳ್ಳಿಯ ಕಡೆ, ಹಾಸನ ಮೈಸೂರಿನ ಕಡೆ ಮೂರು ದಾರಿ. ಸ್ಟೇಷನ್ನಿನ ಬೋರ್ಡಿನಿಂದ ಗಾಡಿಗಳ ಹೊತ್ತು ಬರೆದುಕೊಂಡು ಬಂದು ಚಾರ್ಟ್ ಮಾಡಿದೆ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ: ಹತ್ತು ಗಂಟೆಯೊಳಗೆ ಹಾಸನದ ದೊಡ್ಡಾಸ್ಪತ್ರೆಯಲ್ಲಿರಬೇಕಾದರೆ ಯಾವ ಗಾಡಿ ಹಿಡಿಯುತ್ತೀಯ? ಬೀರೂರಿನಲ್ಲಿ ಇಳಿಯುವ ನಿನ್ನ ಮಾವನಿಗೂ ಹುಬ್ಬಳ್ಳಿಗೆ ಹೋಗುವ ನಿನಗೂ ಒಂದೇ ಗಾಡಿ ಆಗುತ್ತದೆಯೆ? ಉತ್ತರ ಒಂದು ಪದದಲ್ಲಿದ್ದರೂ ಸಾಕು. ನಾನು ನೋಡುತ್ತಿದ್ದುದು ಪ್ರಶ್ನೆ ಓದಿ ಅರ್ಥವಾಗಿ ಕೈ ಬೋರ್ಡಿನ ಸರಿಯಾದ ಸಾಲಿನ ಕಡೆ ಹೋಯಿತೇ ಎಂದು. ತಾನಾಗಿ ಮಾಡಿದರೆ ಹೆಸರಿನ ಮುಂದೆ ಒಂದು ಗುರುತು, ನಾನು ಸುಳಿವು ಕೊಟ್ಟ ಮೇಲೆ ಮಾಡಿದರೆ ಇನ್ನೊಂದು, ಪಕ್ಕದವರದು ನೋಡಿ ಬರೆದರೆ ಬರೇ ಚುಕ್ಕೆ. ಒಬ್ಬ ಹುಡುಗ ಆಸ್ಪತ್ರೆಯ ಪ್ರಶ್ನೆಗೆ ‘ನೋ ಟ್ರೇನ್, ಬಸ್ ಈಸ್ ಗುಡ್’ ಎಂದು ಬರೆದಿದ್ದ. ಕೇಳಿದರೆ, ‘ಆ ಗಾಡಿ ಯಾವತ್ತು ಟೈಮಿಗೆ ಬಂದೈತೆ ಮೇಡಂ?’ ಅಂದ. ಪೂರ್ತಿ ಅಂಕ ಕೊಟ್ಟೆ.

ಈ ಗುರುತುಗಳ ಪಟ್ಟಿಯಿಂದಲೇ ಒಬ್ಬ ಹುಡುಗಿ ಕಣ್ಣಿಗೆ ಬಿದ್ದಳು. ತರಗತಿಯಲ್ಲಿ ಇಂಗ್ಲಿಷಿನ ಒಂದು ಪದವನ್ನೂ ಬಾಯಿಬಿಟ್ಟು ಆಡದವಳು. ಎದ್ದು ನಿಲ್ಲಿಸಿದರೆ ಸೆರಗಿಲ್ಲದ ಯೂನಿಫಾರಂನಲ್ಲೂ ಸೆರಗು ಹುಡುಕುವ ಹಾಗೆ ವೇಲಿನ ತುದಿ ಹಿಡಿಯುತ್ತಿದ್ದಳು. ಹಿಂದಿನ ಶಾಲೆಯಿಂದ ಬಂದ ದಾಖಲೆಯಲ್ಲಿ ಮಾತುಗಾರಿಕೆಗೆ ‘ಸಿ’ ಶ್ರೇಣಿ. ಆದರೆ ವೇಳಾಪಟ್ಟಿಯಲ್ಲಿ ತಾನಾಗಿ ಮಾಡಿದವರ ಗುರುತು ಅವಳ ಹೆಸರಿನ ಮುಂದೆಯೇ ಸಾಲಾಗಿ ಬಂದಿತ್ತು. ಉಕ್ತಲೇಖನದಲ್ಲಿ ಇನ್ನೂ ಸ್ಪಷ್ಟವಾಯಿತು. ಒಂದೊಂದೇ ಪದ ಹೇಳಿ ಬರೆಸುವುದನ್ನು ಬಿಟ್ಟು, ಮಾತಾಡುವ ವೇಗದಲ್ಲೇ ಒಂದು ಪೂರ್ತಿ ವಾಕ್ಯ ಹೇಳಿ ಬರೆಸುವ ಪದ್ಧತಿ ಇಟ್ಟುಕೊಂಡಿದ್ದೆ. ವಾಕ್ಯ: ಹಿ ಹ್ಯಾಡ್ ಟು ವೇಟ್ ಫಾರ್ ದಿ ಬಸ್. ಒಬ್ಬ ಹುಡುಗ ಬರೆದಿದ್ದು ಕಿವಿಗೆ ಬಿದ್ದ ಹಾಗೆಯೇ, ಆದರೆ ‘ಟು’ ಜಾಗದಲ್ಲಿ ಎರಡು ಎಂಬ ಸಂಖ್ಯೆಯ ಸ್ಪೆಲಿಂಗ್, ‘ವೇಟ್’ ಜಾಗದಲ್ಲಿ ತೂಕದ ಸ್ಪೆಲಿಂಗ್. ಅವನ ಕಿವಿ ಚುರುಕು. ಬಸ್ಸಿಗೂ ತೂಕಕ್ಕೂ ಏನು ಸಂಬಂಧ ಎಂದು ಅವನು ಕೇಳಿಕೊಂಡಿಲ್ಲ. ಈ ಹುಡುಗಿ ಬರೆದದ್ದು: ಹಿ ವೇಟೆಡ್ ದಿ ಬಸ್. ನಾನು ಹೇಳಿದ್ದೇ ಅಲ್ಲ ಅದು. ಅರ್ಥ ಒಳಗೆ ಹೋಗಿ, ಅವಳ ಕೈಲಿದ್ದ ಇಂಗ್ಲಿಷಿನಲ್ಲಿ ಹೊರಗೆ ಬಂದಿದೆ. ಕೀ ಆನ್ಸರ್ ಹಿಡಿದು ಕೂತವರು ಇಬ್ಬರಿಗೂ ತಪ್ಪು ಹಾಕುತ್ತಾರೆ, ಇವಳಿಗೆ ಇನ್ನೂ ದೊಡ್ಡ ತಪ್ಪು.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂದು ಸಿಸಿಇ ಬಂದಾಗ, ಅದಕ್ಕೇ ನನಗೆ ಖುಷಿಯಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದರ ಮಾತಿದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್ಎ), ಎರಡು ಸಂಕಲನಾತ್ಮಕ (ಎಸ್ಎ). ಮಕ್ಕಳ ಬರಹಗಳನ್ನು ಕೃತಿಸಂಪುಟದಲ್ಲಿ ಇಡಬೇಕು. ಉದ್ದೇಶ ನೋಡಿದರೆ ನನ್ನ ಗುರುತುಗಳ ಪಟ್ಟಿಗೇ ಸರ್ಕಾರದ ಮುದ್ರೆ ಬಿದ್ದ ಹಾಗಿತ್ತು. ನಮ್ಮಲ್ಲಿ ಅದು ಇಳಿದ ರೂಪವೇ ಬೇರೆ. ಒಂದೊಂದು ಎಫ್ಎಗೂ 15 ಅಂಕದ ಎರಡು ಚಟುವಟಿಕೆ, 20ರ ಒಂದು ಕಿರುಪರೀಕ್ಷೆ, ಒಟ್ಟು 50. ತರಗತಿಗೆ ಅರುವತ್ತು ಮಕ್ಕಳು, ಮೂರು ತರಗತಿ. ಎಫ್ಎ ವಾರದಲ್ಲಿ ನಾವು ಪಾಠ ಮಾಡುವುದೇ ನಿಲ್ಲುತ್ತಿತ್ತು. ಚಟುವಟಿಕೆ ಎಂದರೆ ಬಣ್ಣದ ಹಾಳೆಯ ಮೇಲೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಚಿತ್ರ, ಅದರ ಕೆಳಗೆ ಅಕ್ಕ ಬರೆದುಕೊಟ್ಟ ನಾಲ್ಕು ವಾಕ್ಯ. ಮಕ್ಕಳ ಕೈಬರಹಕ್ಕಿಂತ ಅವರ ಅಕ್ಕಂದಿರ ಕೈಬರಹ ನನಗೆ ಹೆಚ್ಚು ಪರಿಚಯವಾಯಿತು. ಅಂಕಗಳನ್ನು ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸಬೇಕು. ಸರ್ವರ್ ಸಿಗುವುದು ರಾತ್ರಿ ಹನ್ನೊಂದರ ಮೇಲೆ. ಸ್ಯಾಟ್ಸ್ ಎಂಬ ಹೆಸರಿನಲ್ಲೇ ವಿದ್ಯಾರ್ಥಿಗಳ ಸಾಧನೆಯ ಜಾಡು ಹಿಡಿಯುವ ಮಾತಿದೆ. ‘ಗೋಡ್’ ಎಂದು ಬರೆದ ವಾರ ಯಾವುದು ಎಂದು ಅದರಲ್ಲಿ ಹುಡುಕಿದರೆ ಸಿಗುವುದು 50–69ರ ನಡುವಿನ ‘ಬಿ ಪ್ಲಸ್’.

ಹಳ್ಳಿಮನೆಗಳಿಗೇ ಹೋಗಿ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯವರು ಕೆಲವು ವರ್ಷ ಇಂಗ್ಲಿಷನ್ನೂ ನೋಡುತ್ತಿದ್ದರು. ಒಂದೇ ಹಾಳೆ: ದೊಡ್ಡಕ್ಷರ, ಚಿಕ್ಕಕ್ಷರ, ಸಣ್ಣ ಪದ, ಸುಲಭ ವಾಕ್ಯ. ಮನೆಯ ಜಗಲಿಯ ಮೇಲೆ ಮಗುವನ್ನು ಕೂರಿಸಿಕೊಂಡು ಓದಿಸುತ್ತಾರೆ. ಓದಿದರೆ ಅರ್ಥವೇನು ಎಂದೂ ಕೇಳುತ್ತಾರೆ. ಬಹಳ ಒರಟು ಅಳತೆ, ಆದರೆ ಒಂದು ಮಗುವಿನ ಎದುರಿಗೆ ಒಬ್ಬರು ಕೂತು ಮಾಡುವ ಅಳತೆ. ನಮ್ಮ ಅರುವತ್ತು ಮಕ್ಕಳ ಫೈಲಿಗಿಂತ ಅದರಲ್ಲಿ ನನಗೆ ನಂಬಿಕೆ ಹೆಚ್ಚು.

ಹತ್ತನೇ ತರಗತಿಯ ಮಾತು ಬೇರೆ. ದ್ವಿತೀಯ ಭಾಷೆ ಇಂಗ್ಲಿಷ್, 80ರ ಪತ್ರಿಕೆ, ನನ್ನ ಕಾಲದಲ್ಲಿ 28 ಬಂದರೆ ಪಾಸು. ಡಿಸೆಂಬರ್ ನಂತರ ಪಾಠವೆಲ್ಲ ‘ಪಾಸಿಂಗ್ ಪ್ಯಾಕೇಜ್’. ಕಂಠಪಾಠದ ಪದ್ಯ ಒಂದು, ಪತ್ರದ ವಿಳಾಸ ದಿನಾಂಕ ಸಂಬೋಧನೆಗಳ ಚೌಕಟ್ಟು, ವ್ಯಕ್ತಿಪರಿಚಯಕ್ಕೆ ಕೊಟ್ಟ ಅಂಶಗಳ ನಡುವೆ ‘ಈಸ್’, ‘ಹ್ಯಾಸ್’ ಸೇರಿಸುವುದು, ಗದ್ಯಭಾಗದ ಪ್ರಶ್ನೆಯಲ್ಲಿರುವ ಪದ ಮೇಲೆ ಎಲ್ಲಿದೆಯೋ ಆ ಸಾಲನ್ನು ಎತ್ತಿ ಬರೆಯುವುದು. ಮೌಲ್ಯಮಾಪನ ಕೇಂದ್ರದಲ್ಲಿ ಕೂತಾಗ ಇದರ ಇನ್ನೊಂದು ಮುಖ ಕಾಣುತ್ತಿತ್ತು: ಶೇಕ್ಸ್‌ಪಿಯರನ ‘ಕ್ವಾಲಿಟಿ ಆಫ್ ಮರ್ಸಿ’ಯನ್ನು ಅಲ್ಪವಿರಾಮವೂ ಬಿಡದೆ ಬರೆದವನು, ಮುಂದಿನ ಪ್ರಶ್ನೆಗೆ ಪ್ರಶ್ನೆಯನ್ನೇ ಮತ್ತೆ ಬರೆದಿರುತ್ತಿದ್ದ. ಪದ್ಯಕ್ಕೆ 4. ಪಕ್ಕದ ಕಟ್ಟಿನಲ್ಲಿ ಇನ್ನೊಂದು ಪತ್ರಿಕೆ, ಆರ್. ಕೆ. ನಾರಾಯಣರ ‘ಎ ಹೀರೋ’ ಪಾಠದ ಸ್ವಾಮಿ ಒಬ್ಬನೇ ಮಲಗಲು ಯಾಕೆ ಹೆದರಿದ ಎಂಬುದಕ್ಕೆ ಗೈಡಿನ ವಾಕ್ಯ ಬಿಟ್ಟು ‘ಹಿ ಈಸ್ ಸ್ಲೀಪ್ ವಿತ್ ಗ್ರಾನಿ ಡೈಲಿ, ಸೋ ಹಿ ಫಿಯರ್’ ಎಂದು ಯಾರೋ ಸ್ವಂತಕ್ಕೆ ಬರೆದಿದ್ದರು. ಉಪ ಮುಖ್ಯ ಪರೀಕ್ಷಕರಾದ ಡಿಸಿಇ ಅವರ ಹತ್ತಿರ ತೆಗೆದುಕೊಂಡು ಹೋಗಿ ಕೇಳಿದೆ. ಅವರು ಕನ್ನಡಕ ಮೇಲೆತ್ತಿ, ‘ಪಾಯಿಂಟ್ ಇದೆ, ಕೊಡಿ ಮೇಡಂ’ ಎಂದರು. ಒಳ್ಳೆಯವರು. ಎಲ್ಲರೂ ಹಾಗಿರುತ್ತಿರಲಿಲ್ಲ.

ಪಾಸಿಂಗ್ ಪ್ಯಾಕೇಜನ್ನು ಬಯ್ಯುವ ಲೇಖನಗಳನ್ನು ಓದಿದ್ದೇನೆ. ನಾನು ಬಯ್ಯುವುದಿಲ್ಲ. ನಮ್ಮೂರಿನ ಕಡೆ ಇಂಗ್ಲಿಷಿನಲ್ಲಿ ಫೇಲಾದ ಹುಡುಗಿ ಮರುಪರೀಕ್ಷೆಗೆ ಓದುತ್ತಾ ಕೂರುವುದಿಲ್ಲ. ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋಗುತ್ತಾರೆ. 28 ಬಂದರೆ ಪಿಯುಸಿ, ಬಸ್ ಪಾಸು, ಎರಡು ವರ್ಷದ ಬಿಡುವು. ಅಷ್ಟು ದೊಡ್ಡ ಫಲ ಇರುವ ಕಡೆ ಅಂಕ ತೆಗೆಸುವುದೂ ಒಂದು ಕಸುಬೇ, ಅದನ್ನು ಚೆನ್ನಾಗಿಯೇ ಮಾಡಿದ್ದೇನೆ. ಆದರೆ ಆ 28ನ್ನು ನೋಡಿ ಈ ಮಗುವಿಗೆ ಇಷ್ಟು ಇಂಗ್ಲಿಷ್ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಸಹಿ ಹಾಕಿದವಳಾಗಿ ಹೇಳುತ್ತೇನೆ, ನಂಬಬೇಡಿ.

ಅಪ್ಪಂದಿರಿಗೆ ಈ ಶ್ರೇಣಿ, ಎಫ್ಎ, ಎಸ್ಎ ಯಾವುದೂ ಬೇಕಿರಲಿಲ್ಲ. ಪೋಷಕರ ಸಭೆಗೆ ಬರುತ್ತಿದ್ದುದೇ ಬೆರಳೆಣಿಕೆಯ ಜನ. ಹಸುವಿನ ಹುಡುಗನ ಅಪ್ಪ ಒಂದು ಸಲ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಬಂದ. ನಾನು ಮಗನ ಪ್ರಗತಿಪತ್ರ ತೆಗೆದು ಎಫ್ಎ ಎರಡರಲ್ಲಿ ಬಿ ಪ್ಲಸ್ ಎಂದು ಶುರುಮಾಡಿದೆ. ‘ಅದಿರ್ಲಿ ಮೇಡಂ, ಇದ್ನ ಓದ್ತಾನಾ ನೋಡಿ’ ಎಂದು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ತೋಟಕ್ಕೆ ಹೊಡೆಯುವ ಔಷಧಿ. ಜೊತೆಗೆ ಬಂದಿದ್ದ ಕನ್ನಡದ ಚೀಟಿ ಎಲ್ಲೋ ಕಳೆದುಹೋಗಿತ್ತಂತೆ.

ಹುಡುಗ ಡಬ್ಬಿ ತಿರುಗಿಸಿದ. ವಜ್ರಾಕೃತಿಯ ಗುರುತಿನ ಕೆಳಭಾಗದಲ್ಲಿ ಹಳದಿ ಬಣ್ಣ. ಕೆಂಪಾದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಕಡಿಮೆಯಾಗುತ್ತಾ ಹೋಗುತ್ತದೆ. ಅದು ಅಪ್ಪನಿಗೇ ಗೊತ್ತಿತ್ತು. ‘ಪಾಯ್ಸನ್’ ಓದಿದ. ‘ಕೀಪ್ ಅವೇ ಫ್ರಂ ಚಿಲ್ಡ್ರನ್’ ಸರಾಗವಾಗಿ ಓದಿ, ‘ಮಕ್ಳಿಂದ ದೂರ ಇಡ್ಬೇಕು’ ಎಂದ. ‘ವಾಮಿಟಿಂಗ್’ ಕಂಡು ಹೊಟ್ಟೆ ಮುಟ್ಟಿಕೊಂಡು ತೋರಿಸಿದ. ‘ಆಂಟಿಡೋಟ್’ ಹತ್ತಿರ ನಿಂತ. ಅಕ್ಷರ ಕೂಡಿಸಿ ಓದಿದ, ಅರ್ಥ ಗೊತ್ತಿಲ್ಲ, ನನ್ನ ಮುಖ ನೋಡಿದ. ವಿಷ ಒಳಗೆ ಹೋದರೆ ಅದಕ್ಕೆ ಕೊಡಬೇಕಾದ ಮದ್ದು ಎಂದೆ. ‘ಅದೇ ಮುಖ್ಯ ಅಲ್ವೇನ್ಲಾ?’ ಎಂದು ಅಪ್ಪ ರೇಗಿದ. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಒಂದು ಡಬ್ಬಿಯ ಮೇಲೆ ಹುಡುಗನ ಇಂಗ್ಲಿಷ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಗೆರೆ ಹೊಡೆದ ಹಾಗೆ ಕಂಡಿತು.

ಮಾರನೇ ವಾರದ ಎಫ್ಎ ಮೂರಕ್ಕೆ ಡಬ್ಬಿಯ ಬರಹವನ್ನೇ ದೊಡ್ಡದಾಗಿ ಚಾರ್ಟಿನ ಮೇಲೆ ಬರೆದು ಗೋಡೆಗೆ ಹಾಕಿದೆ. ಪ್ರಶ್ನೆ ಹತ್ತು: ಈ ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡಬಹುದೆ, ಹೊಡೆಯುವಾಗ ಏನು ತೊಟ್ಟಿರಬೇಕು, ಕಣ್ಣಿಗೆ ಬಿದ್ದರೆ ಮೊದಲು ಏನು ಮಾಡಬೇಕು, ಹೀಗೆ. ಉತ್ತರ ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಐದಾರು ಪ್ರಶ್ನೆ ಸರಿ ಮಾಡಿದರು, ಪ್ರಭು ಅವರ ಅಳತೆಗೆ ಸರಿಯಾಗಿ ಕೂರುವಂತೆ. ಬಾಯಿಬಿಡದ ಆ ಹುಡುಗಿ ಒಂಬತ್ತು ಮಾಡಿದ್ದಳು. ಇಂಥದಕ್ಕೆ ನಮೂನೆಯಲ್ಲಿ ಹೆಸರೇ ಇರಲಿಲ್ಲ. ‘ಚಟುವಟಿಕೆ 2: ಪ್ರಾಜೆಕ್ಟ್, 15ಕ್ಕೆ’ ಎಂದು ಸ್ಯಾಟ್ಸ್‌ಗೆ ಏರಿಸಿದೆ. ಮುಂದಿನ ಪೋಷಕರ ಸಭೆಗೆ ಹಸುವಿನ ಹುಡುಗನ ಅಪ್ಪ ಪಂಪ್‌ಸೆಟ್ ಸಾಲದ ನಾಲ್ಕು ಪುಟದ ಅರ್ಜಿ ನಮೂನೆ ತಂದಿದ್ದ. ಅದರ ಎರಡನೇ ಪುಟ ನನಗೂ ಕಷ್ಟವಾಯಿತು.